ಕಲಬುರಗಿಯ ರೈಲು ಮತ್ತು ಬೀದಿಗಳನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಹೇಗೆ?

ಸ್ಟೇಷನ್ ಬಜಾರ್ ಕೇಳಿದ್ದು:

ನಾನು ಹುಟ್ಟಿ ಬೆಳೆದದ್ದು ಕಲಬುರಗಿಯ ಸ್ಟೇಷನ್ ಬಜಾರಿನಲ್ಲಿ. ಹತ್ತು ಹನ್ನೆರಡು ವರ್ಷ ಪುಣೆಯಲ್ಲಿ ನೌಕರಿ ಮಾಡಿ ಕಳೆದ ದಸರೆಗೆ ಊರಿಗೆ ಮರಳಿದೆ. ಹಬ್ಬಕ್ಕೆಂದು ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದಾಗ ಗಮನಕ್ಕೆ ಬಾರದ ಸಂಗತಿಗಳು ಇಲ್ಲೇ ನೆಲೆ ನಿಂತ ಮೇಲೆ ಒಂದೊಂದಾಗಿ ಕಾಣತೊಡಗಿವೆ. ರಿಂಗ್ ರಸ್ತೆಯ ಆಚೆ ತೊಗರಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಬಡಾವಣೆಗಳ ಗಡಿಕಲ್ಲುಗಳು ನಿಂತಿವೆ. 2019ರ ನವೆಂಬರಿನಿಂದ ಊರಿಗೆ ವಿಮಾನ ನಿಲ್ದಾಣವಿದೆ. 2024ರ ಮಾರ್ಚಿನಿಂದ ಬೆಂಗಳೂರಿಗೆ ವಂದೇ ಭಾರತ್ ಓಡುತ್ತಿದೆ. ಡೀಸೆಲ್ ಎಂಜಿನ್ನಿನ ಹೊಗೆ ಕಾಣುತ್ತಿದ್ದ ನಮ್ಮ ಮಾಳಿಗೆಯಿಂದ ಇಂದು ಕಾಣುವುದು ಕಂಬ ಮತ್ತು ವಿದ್ಯುತ್ ತಂತಿಗಳ ಸಾಲು.

ಇದನ್ನೆಲ್ಲ ಚಿತ್ರಗಳಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆ ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಕಾಲೇಜಿನ ದಿನಗಳಲ್ಲಿ ನಾನು ಊರು ಬಿಡುವಾಗಲೆಲ್ಲ ತಂದೆಯವರು ಪ್ಲಾಟ್‌ಫಾರ್ಮಿನ ತುದಿಯ ಹಳದಿ ನಾಮಫಲಕದ ಬಳಿ ನಿಂತು, ಕೊನೆಯ ಬೋಗಿ ದಾಟುವ ತನಕ ಕೈ ಎತ್ತಿಕೊಂಡೇ ಇರುತ್ತಿದ್ದರು. ಆಗ ಆ ಫಲಕದ ಮೇಲೆ ಇದ್ದದ್ದು ಗುಲಬರ್ಗಾ ಎಂಬ ಹೆಸರು. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಕಲಬುರಗಿ ಆಯಿತು, ಮುಂದೆ ನಿಲ್ದಾಣದ ಫಲಕವೂ ಬದಲಾಯಿತು, ಟಿಕೆಟ್ಟಿನ ಮೇಲಿದ್ದ ‘ಜಿಆರ್’ ಸಂಕೇತ ಹೋಗಿ ‘ಕೆಎಲ್‌ಬಿಜಿ’ ಬಂತು, ತಂದೆಯವರೂ ಈಗಿಲ್ಲ. ಕೋಟೆಯ ಚಿತ್ರಗಳು ನನ್ನ ಬಳಿ ಇಪ್ಪತ್ತಾದರೂ ಇವೆ, ಆ ಫಲಕದ್ದು ಒಂದೂ ಇಲ್ಲ.

ನನ್ನ ಬಳಿ ಒಂದು ಹಳೆಯ ಡಿಎಸ್‌ಎಲ್‌ಆರ್, 18–55 ಮತ್ತು 55–250 ಮಿಲಿಮೀಟರಿನ ಎರಡು ಲೆನ್ಸ್, ಜೊತೆಗೆ ಸಾಧಾರಣ ಮೊಬೈಲ್ ಇವೆ. ನಮ್ಮ ಕಡೆಯ ಬಿಸಿಲಿನಲ್ಲಿ ಯಾವ ಹೊತ್ತು, ಯಾವ ದಿಕ್ಕು ಒಳ್ಳೆಯದು, ರೈಲಿನ ಚಿತ್ರ ತೆಗೆಯುವಾಗ ಕಾನೂನಿನ ಗೆರೆ ಎಲ್ಲಿದೆ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಕಳೆದ ತಿಂಗಳು ಈ ಭಾಗದ ಒಂದು ಸಣ್ಣ ನಿಲ್ದಾಣದಲ್ಲಿ ಸಮವಸ್ತ್ರದಲ್ಲಿದ್ದವರೊಬ್ಬರು ಬಂದು, ತೆಗೆದ ಚಿತ್ರಗಳನ್ನೆಲ್ಲ ಅಳಿಸಿ ಹಾಕಲು ಹೇಳಿದರು. ವಾದಕ್ಕೆ ಇಳಿಯುವ ಸ್ವಭಾವ ನನ್ನದಲ್ಲ, ಅಳಿಸಿ ಬಂದೆ. ಇನ್ನೊಂದು ಅಳುಕೂ ಇದೆ: ದಿನವೂ ಕಾಣುವ ಆಟೋ, ಗೂಡ್ಸ್ ಗಾಡಿ, ಚಹಾ ಅಂಗಡಿಗಳ ಚಿತ್ರ ತೆಗೆದರೆ ಅದನ್ನು ನೋಡುವವರು ಯಾರು?

ವಾಡಿ ಕ್ಯಾಬಿನ್ ಬರೆದದ್ದು:

ಕೊನೆಯ ಪ್ರಶ್ನೆಗೆ ನಿಮ್ಮ ನಾಮಫಲಕದ ಕಥೆಯೇ ಉತ್ತರವಾದ್ದರಿಂದ ಅದನ್ನು ಬಿಟ್ಟು ಉಳಿದವಕ್ಕೆ ಬರುತ್ತೇನೆ.

ಮೊದಲು ಹಳಿಯ ದಿಕ್ಕನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಿ. ಸೊಲ್ಲಾಪುರದ ಕಡೆಯಿಂದ ಹೆಚ್ಚೂಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಬರುವ ಮಾರ್ಗ ಕಲಬುರಗಿ ದಾಟಿದ ಮೇಲೆ ಶಹಾಬಾದ್, ವಾಡಿಗಳತ್ತ ದಕ್ಷಿಣಕ್ಕೆ ಹೊರಳುತ್ತದೆ. ಹೀಗಾಗಿ ಶಹಾಬಾದಿನ ಕಡೆ ಬೆಳಿಗ್ಗೆ ಹಳಿಯ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ನಿಂತರೆ ಬೋಗಿಗಳ ಮೈಮೇಲೆ ಬೆಳಕು ಪೂರ್ತಿ ಬೀಳುತ್ತದೆ. ಸೊಲ್ಲಾಪುರದ ಕಡೆಯ ಲೆಕ್ಕ ಬೇರೆ. ನವೆಂಬರಿನಿಂದ ಜನವರಿಯವರೆಗೆ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಸಾಗುವುದರಿಂದ ಅಲ್ಲಿ ಹಳಿಯ ದಕ್ಷಿಣ ಬದಿಯಲ್ಲಿ ನಿಂತವನಿಗೆ ಬೆಳಗೂ ಸಂಜೆಯೂ ಒಂದೇ. ನಮ್ಮ ಊರು ಉತ್ತರ ಅಕ್ಷಾಂಶ 17 ಡಿಗ್ರಿಯ ಮೇಲೆ ಸ್ವಲ್ಪ ಇರುವುದರಿಂದ ಮೇ ತಿಂಗಳ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕಾಲಡಿಗೆ ಸೇರಿಬಿಡುತ್ತದೆ. ಅಲ್ಲಿಂದ ಆಗಸ್ಟಿನ ಮೊದಲ ದಿನಗಳವರೆಗೆ ಮಧ್ಯಾಹ್ನದ ಬಿಸಿಲು ಉತ್ತರದಿಂದ ಬೀಳುತ್ತದೆ. ವರ್ಷದ ಉಳಿದ ದಿನಗಳಲ್ಲಿ ನಡುಮಧ್ಯಾಹ್ನ ನೆರಳಿನಲ್ಲೇ ಇರುವ ಉತ್ತರಮುಖದ ಗೋಡೆಗಳಿಗೆ ಆ ಹೊತ್ತಿನ ಬೆಳಕು ಹತ್ತುವುದು ಆಗ ಮಾತ್ರ. ಕೋಟೆಯ ಉತ್ತರದ ಗೋಡೆಯನ್ನು ಜೂನ್‌ನಲ್ಲಿ ಮೋಡ ಸರಿದ ಒಂದು ದಿನ ನೋಡಿ ಬನ್ನಿ.

ಬೇಸಿಗೆಯ ಬಗ್ಗೆ ನನ್ನ ಪೆದ್ದುತನವೊಂದನ್ನು ಹೇಳಿಬಿಡುತ್ತೇನೆ. ಒಂದು ಏಪ್ರಿಲಿನಲ್ಲಿ ವಾಡಿಯ ಹೊರಗೆ ನಿಂತು ಸಿಮೆಂಟ್ ಗಾಡಿಗಳನ್ನು ದೂರದ ಲೆನ್ಸಿನಲ್ಲಿ ತೆಗೆದೆ. ಒಂದರಲ್ಲೂ ಎಂಜಿನ್ನಿನ ಸಂಖ್ಯೆ ಸ್ಪಷ್ಟವಾಗಿ ಮೂಡಲಿಲ್ಲ. ಲೆನ್ಸ್ ಕೆಟ್ಟಿದೆಯೆಂದು ಹೈದರಾಬಾದಿನವರೆಗೆ ಹೊತ್ತುಕೊಂಡು ಹೋದರೆ, ದುರಸ್ತಿಯವನು ಅದನ್ನು ಎರಡು ನಿಮಿಷ ತಿರುಗಿಸಿ ನೋಡಿ, ಚಿತ್ರ ತೆಗೆದದ್ದು ಎಷ್ಟು ಗಂಟೆಗೆ ಎಂದು ಕೇಳಿದ. ಹನ್ನೊಂದೂವರೆಗೆ ಎಂದೆ. ಕಾದ ಜಲ್ಲಿಯಿಂದ ಏಳುವ ಬಿಸಿಗಾಳಿ ಬೆಳಕನ್ನು ಕುಣಿಸುತ್ತಿತ್ತೇ ಹೊರತು ಲೆನ್ಸಿನಲ್ಲಿ ಯಾವ ದೋಷವೂ ಇರಲಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ 250 ಮಿಲಿಮೀಟರಿನ ದೂರದ ಲೆನ್ಸನ್ನು ಚೀಲದಲ್ಲೇ ಬಿಟ್ಟು, ಹತ್ತಿರದ ನೋಟಗಳನ್ನು 18–55ರಲ್ಲಿ ತೆಗೆಯಿರಿ.

ವೇಗವಾಗಿ ಬರುವ ರೈಲನ್ನು ಎದುರಿನಿಂದ ತೆಗೆಯಲು ಸೆಕೆಂಡಿನ 1/1000 ಭಾಗದಷ್ಟಾದರೂ ಶಟರ್ ವೇಗ ಬೇಕು. ಅದಕ್ಕಿಂತ ನನಗೆ ಪ್ರಿಯವಾದದ್ದು 1/60ಕ್ಕೆ ಇಳಿಸಿ, ಅಡ್ಡಲಾಗಿ ಓಡುವ ರೈಲಿನ ಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತಾ ತೆಗೆಯುವುದು. ಹತ್ತರಲ್ಲಿ ಒಂಬತ್ತು ಕೆಡುತ್ತವೆ. ಉಳಿದ ಒಂದರಲ್ಲಿ ಕಿಟಕಿಗೆ ಮುಖ ಒತ್ತಿಕೊಂಡ ಮಗು ನಿಚ್ಚಳವಾಗಿದ್ದು, ಜೋಳದ ಹೊಲ ಮಾತ್ರ ಗೆರೆಗೆರೆಯಾಗಿ ಹರಿದಿರುತ್ತದೆ.

ಕಾನೂನಿನ ವಿಷಯದಲ್ಲಿ ಮುಖ್ಯವಾದದ್ದು ನೀವು ಎಲ್ಲಿ ನಿಂತಿದ್ದೀರಿ ಎಂಬುದು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ರೈಲ್ವೆ ಜಾಗದಲ್ಲಿ ಅತಿಕ್ರಮ ಪ್ರವೇಶ ಮಾಡಿದರೆ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಳಿಯ ಮೇಲೆ ನಿಂತು ತೆಗೆದ ಚಿತ್ರ ಎಷ್ಟೇ ಸುಂದರವಾಗಿರಲಿ, ಅದು ಆ ಕಲಮಿನ ಕೆಳಗೇ ಬರುತ್ತದೆ. ನಿಲ್ದಾಣದೊಳಗಾದರೆ ಪ್ಲಾಟ್‌ಫಾರ್ಮ್ ಟಿಕೆಟ್ ಕಿಸೆಯಲ್ಲಿರಲಿ, ಫ್ಲ್ಯಾಷ್ ಆರಿಸಿರಲಿ, ಟ್ರೈಪಾಡ್ ಮನೆಯಲ್ಲಿರಲಿ. ಸಿನಿಮಾ, ಜಾಹೀರಾತುಗಳಂತಹ ವಾಣಿಜ್ಯ ಚಿತ್ರೀಕರಣಕ್ಕೆ ಪೂರ್ವಾನುಮತಿ ಬೇಕೇಬೇಕು. ಹವ್ಯಾಸಿಯೂ ಒಂದು ಅರ್ಜಿ ಬರೆದು ಅನುಮತಿ ಪತ್ರ ಇಟ್ಟುಕೊಂಡರೆ ನಿಮಗಾದಂತಹ ಮುಜುಗರ ತಪ್ಪುತ್ತದೆ. ಆದರೆ ಅರ್ಜಿ ಎಲ್ಲಿಗೆ ಎಂಬುದನ್ನು ನೋಡಿಕೊಳ್ಳಿ: ಕಲಬುರಗಿ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದರೆ, ಬೀದರ್ ಸಿಕಂದರಾಬಾದ್ ವಿಭಾಗಕ್ಕೆ ಸೇರಿದೆ. ಅಕ್ಕಪಕ್ಕದ ಎರಡು ಜಿಲ್ಲಾ ಕೇಂದ್ರಗಳಿಗೆ ಎರಡು ಕಡೆ ಪತ್ರ ಬರೆಯಬೇಕಾದ ಸುಖ ನಮ್ಮದು.

ಇನ್ನೊಂದು ಎಚ್ಚರಿಕೆ. ಹಳಿಯ ಮೇಲಿನ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಮೇಲ್ಸೇತುವೆಯಿಂದ ಸೆಲ್ಫಿ ಕೋಲು ಚಾಚುವವರನ್ನು ನೋಡಿದರೆ ನನ್ನ ಹೊಟ್ಟೆಯಲ್ಲಿ ತಳಮಳ ಏಳುತ್ತದೆ. ಆ ತಂತಿಯನ್ನು ಮುಟ್ಟಬೇಕೆಂದೇನೂ ಇಲ್ಲ, ಹತ್ತಿರ ಹೋದರೂ ಸಾಕು.

ಜಾಗಗಳಲ್ಲಿ ನನ್ನ ಮೊದಲ ಆಯ್ಕೆ ವಾಡಿ. ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯ ಮುಂಬಯಿ ಮಾರ್ಗ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡಿತು. ಅದಕ್ಕೆ ಹೈದರಾಬಾದನ್ನು ಜೋಡಿಸಲು ನಿಜಾಮರ ಹಣದಲ್ಲಿ 1874ರಲ್ಲಿ ಸಿಕಂದರಾಬಾದಿನ ಕವಲು ವಾಡಿಗೆ ಬಂತು. ಮೂರು ದಿಕ್ಕಿನ ರೈಲುಗಳೂ ಸಿಮೆಂಟಿನ ಗೂಡ್ಸ್ ಗಾಡಿಗಳೂ ಸೇರುವ ಆ ನಿಲ್ದಾಣದಲ್ಲಿ ಒಂದು ಗಂಟೆ ಕುಳಿತರೆ ಬರಿಗೈಯಲ್ಲಿ ಮರಳುವ ಪ್ರಶ್ನೆಯೇ ಇಲ್ಲ. ಎಲೆ, ಕಂಬ, ತಗಡು, ಎಲ್ಲದರ ಮೇಲೂ ಸುಣ್ಣದ ಬೂದು ಪುಡಿ ಕುಳಿತಿರುತ್ತದೆ. ಮೊದಲ ಮಳೆ ಬಿದ್ದ ಮರುದಿನ ಹೋದರೆ ಅದೇ ಎಲೆಗಳ ಮೇಲೆ ನೀರು ಇಳಿದ ಹಾದಿಗಳು ಕಾಣುತ್ತವೆ. ಶಹಾಬಾದ್ ಮತ್ತು ವಾಡಿಗಳ ನಡುವೆ ಮಾರ್ಗವು ಕಾಗಿಣಾ ನದಿಯನ್ನು ದಾಟುವ ಜಾಗವನ್ನು ಮಳೆಗಾಲದಲ್ಲಿ ನದಿಯ ದಂಡೆಯಿಂದಲೇ ನೋಡಬೇಕು.

ಗಂಜ್ ಓಣಿ ಬರೆದದ್ದು:

ವಾಡಿ ಕ್ಯಾಬಿನ್ ಅವರು ಬರೆದದ್ದೆಲ್ಲ ಸರಿ, ಆದರೂ ರೈಲುಪ್ರಿಯರ ಮೇಲೆ ನನ್ನದೊಂದು ತಕರಾರಿದೆ. ಎಂಜಿನ್ನಿನ ಜಾತಕವೆಲ್ಲ ಇವರಿಗೆ ಬಾಯಿಪಾಠ. ಆದರೆ ಆ ಎಂಜಿನ್ನಿನ ಮುಂದೆ ಗಂಟು ಹೊತ್ತು ನಡೆಯುವ ಹಮಾಲ ಚೌಕಟ್ಟಿನೊಳಗೆ ಬಂದನೆಂದರೆ ಚಿತ್ರ ಕೆಟ್ಟಿತೆಂದು ಕತ್ತರಿಸಿಬಿಡುತ್ತಾರೆ. ಮೂವತ್ತು ವರ್ಷದ ಹಿಂದಿನ ಎಂಜಿನ್ ಹೇಗಿತ್ತೆಂದು ತಿಳಿಯಲು ರೈಲ್ವೆಯದೇ ದಾಖಲೆಗಳಿವೆ. ಆಗ ನಮ್ಮ ನಿಲ್ದಾಣದ ಹೊರಗೆ ಟಾಂಗಾಗಳು ಎಲ್ಲಿ ಸಾಲುಗಟ್ಟುತ್ತಿದ್ದವು, ಕಬ್ಬಿಣದ ಟ್ರಂಕುಗಳನ್ನು ಹೇಗೆ ಕಟ್ಟಿ ಒಯ್ಯುತ್ತಿದ್ದರು ಎಂಬುದಕ್ಕೆ ಯಾರ ಬಳಿಯೂ ದಾಖಲೆಯಿಲ್ಲ.

ತೊಗರಿಯ ಕಾಲದಲ್ಲಿ ಗಂಜ್ ಎಂಬ ನಮ್ಮ ಧಾನ್ಯದ ಮಾರುಕಟ್ಟೆಗೆ ಬನ್ನಿ. ಕಟಾವು ಡಿಸೆಂಬರ್, ಜನವರಿಯಲ್ಲಿ ನಡೆಯುವುದರಿಂದ ಆಮೇಲಿನ ವಾರಗಳಲ್ಲಿ ಚೀಲಗಳ ಗುಡ್ಡೆಯೇ ಇರುತ್ತದೆ. 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಎಲ್ಲರಿಗೂ ಗೊತ್ತು. ಆದರೆ ಹರಾಜಿನ ವೇಳೆ ಕಾಳನ್ನು ಅಂಗೈಯಲ್ಲಿ ಹರಡಿ, ಹೆಬ್ಬೆರಳಿನಿಂದ ಉಜ್ಜಿ, ಒಂದನ್ನು ಹಲ್ಲಿನಡಿ ಕಡಿದು ತೇವ ನೋಡುವ ವ್ಯಾಪಾರಿಯ ಮುಖವನ್ನು ಎಷ್ಟು ಜನ ಚಿತ್ರವಾಗಿಸಿದ್ದಾರೆ? ಹಾಗೆಯೇ ಮನೆಯ ನೆಲ, ಮಾಡು, ಹೊಲದ ಬೇಲಿಗಳಿಗೆಲ್ಲ ಬಳಸುತ್ತಿದ್ದ ಶಹಾಬಾದಿ ಫರಸಿ ಕಲ್ಲಿನ ಜಾಗಕ್ಕೆ ಹೊಸ ಬಡಾವಣೆಗಳಲ್ಲಿ ಹೊಳಪಿನ ಟೈಲ್ಸ್ ಬರುತ್ತಿದೆ. ಎರಡೂ ಒಂದೇ ಓಣಿಯಲ್ಲಿ ಎದುರುಬದುರಾಗಿರುವ ಜಾಗಗಳು ಇನ್ನೂ ಇವೆ, ಆದರೆ ಬೇಗ ಹೋಗಬೇಕು.

ಜನರ ಚಿತ್ರ ತೆಗೆಯುವ ಮುಂಚೆ ಕೇಳಿ. ರೊಟ್ಟಿ ಬಡಿಯುತ್ತಿದ್ದ ತಾಯಿಯೊಬ್ಬರ ಮುಂದೆ ಕ್ಯಾಮೆರಾ ಎತ್ತಿ ಅನುಮತಿ ಕೇಳಿದಾಗ, “ನನ್ನ ಮಾರಿ ಯಾಕ್ರೀ, ರೊಟ್ಟಿ ತಗೀರಿ” ಎಂದರು. ಹಾಗೆಯೇ ಮಾಡಿದೆ: ಹಿಟ್ಟು ಮೆತ್ತಿದ ಹಸಿರು ಬಳೆಗಳು, ಹಿಟ್ಟು ನಾದುವ ಕೊಣಮಿಗೆಯ ಅಂಚು, ಹೆಂಚಿನ ಮೇಲೆ ನೀರು ಸವರಿದ ಬಟ್ಟೆಯಿಂದ ಏಳುತ್ತಿದ್ದ ಆವಿ. ವಾರದ ಮೇಲೆ ಪ್ರಿಂಟ್ ಹಾಕಿಸಿ ಒಯ್ದುಕೊಟ್ಟರೆ ಅದನ್ನು ಹಿಂದೆ ಮುಂದೆ ನೋಡಿ, “ಹೊತ್ತಿದ ರೊಟ್ಟೀನೇ ತಗದೀರಲ್ಲರೀ!” ಎಂದು ಬೈದರು. ಅಂದಿನಿಂದ ಆ ಓಣಿಯಲ್ಲಿ ನನ್ನನ್ನು ಯಾರೂ ತಡೆದಿಲ್ಲ.

ಬೆಳಕಿನ ಅಳತೆಯ ಬಗ್ಗೆ ಒಂದೇ ಮಾತು. ಚೌಕಟ್ಟಿನ ತುಂಬ ಎರೆಮಣ್ಣಿದ್ದರೆ ಕ್ಯಾಮೆರಾ ಅದನ್ನು ಕತ್ತಲೆಯೆಂದು ತಿಳಿದು ಚಿತ್ರವನ್ನು ಬಿಳುಚಿಸುತ್ತದೆ, ಬುದ್ಧ ವಿಹಾರದ ಬಿಳಿ ಗುಮ್ಮಟವಿದ್ದರೆ ಮಂಕಾಗಿಸುತ್ತದೆ. ಮೊದಲನೆಯದಕ್ಕೆ ಎಕ್ಸ್‌ಪೋಷರನ್ನು, ಅಂದರೆ ಒಳಬರುವ ಬೆಳಕನ್ನು, ಸ್ವಲ್ಪ ಇಳಿಸಿ, ಎರಡನೆಯದಕ್ಕೆ ಏರಿಸಿ. ಕೋಟೆಯೊಳಗಿನ 1367ರ ಜಾಮಿ ಮಸೀದಿಯಂತೂ ತೆರೆದ ಅಂಗಳವೇ ಇಲ್ಲದೆ ಪೂರ್ತಿ ಛಾವಣಿಯಡಿ ಇರುವ ಕಟ್ಟಡ. ಒಳಗೆ ಕಮಾನಿನಿಂದ ಕಮಾನಿಗೆ ಬೆಳಕು ಇಳಿಯುತ್ತಾ ಹೋಗುತ್ತದೆ. ಅಲ್ಲಿಗೆ ಟ್ರೈಪಾಡ್ ಒಯ್ಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದ್ದರಿಂದ ಕಂಬಕ್ಕೆ ಬೆನ್ನು ಕೊಟ್ಟು ಉಸಿರು ಬಿಗಿಹಿಡಿಯುವುದೇ ದಾರಿ.

ಸ್ಟೇಷನ್ ಬಜಾರ್ ಬರೆದದ್ದು:

ಇಬ್ಬರಿಗೂ ಧನ್ಯವಾದಗಳು. ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಹೋಗುವ ವಿಷಯ ನನಗೆ ನಿಜಕ್ಕೂ ಹೊಸದು. ಈಗ ಕಾಡುತ್ತಿರುವುದು ಜಾಗಗಳ ಆಯ್ಕೆ. ಪಟ್ಟಿ ಮಾಡಲು ಕುಳಿತರೆ ಸೂಪರ್ ಮಾರ್ಕೆಟ್, ಜಗತ್ ವೃತ್ತ, ಅಪ್ಪನ ಕೆರೆ, ಎಂಎಸ್‌ಕೆ ಮಿಲ್ ಪ್ರದೇಶ, ಬಂದೇ ನವಾಜ್ ದರ್ಗಾದ ಬೀದಿ ಎಂದು ಬೆಳೆಯುತ್ತಲೇ ಹೋಗುತ್ತದೆ. ವಾರಕ್ಕೆ ಒಂದು ರಜೆ ಇರುವವನು ಎಲ್ಲವನ್ನೂ ಮುಗಿಸುವುದು ಹೇಗೆ? ಬೀದರ್ ಮಾರ್ಗವನ್ನೂ ಸೇರಿಸಿಕೊಳ್ಳಬೇಕೆಂದಿದೆ.

ಬೀದರಿನ ಕೆಮ್ಮಣ್ಣು ಬರೆದದ್ದು:

ಮುಗಿಸುವ ಯೋಚನೆಯನ್ನೇ ಬಿಡಿ. ನಾಲ್ಕೇ ಜಾಗ ಆರಿಸಿಕೊಂಡು, ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಲೆನ್ಸಿನಲ್ಲಿ, ಸಾಧ್ಯವಾದಷ್ಟು ಅದೇ ಹೊತ್ತಿಗೆ ಒಂದು ಚಿತ್ರ ತೆಗೆಯಿರಿ. ನಿಂತ ಜಾಗದ ಗುರುತಿಗೆ ಒಂದು ಕಂಬವನ್ನೋ ಮೈಲಿಗಲ್ಲನ್ನೋ ಚೌಕಟ್ಟಿನ ಒಂದು ಅಂಚಿಗೆ ಸದಾ ತಾಗಿಸಿ ಇಡಿ. ಮೊದಲ ಆರು ತಿಂಗಳು ಬೇಸರ ಬರುತ್ತದೆ, ಎರಡು ಚಿತ್ರಗಳಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆಮೇಲೆ ಒಂದು ದಿನ ಬೇವಿನ ಮರ ಇರುವುದಿಲ್ಲ, ಅಂಗಡಿಯ ಕನ್ನಡ ಬೋರ್ಡಿನ ಬಣ್ಣ ಬೇರೆಯಾಗಿರುತ್ತದೆ, ಹಿಂದೆ ಆಕಾಶವಿದ್ದಲ್ಲಿ ಎರಡು ಅಂತಸ್ತು ಎದ್ದಿರುತ್ತದೆ.

ಬೀದರ್ ಮಾರ್ಗವನ್ನು ಹೊರಗೆ ನಿಂತು ತೆಗೆಯುವುದಕ್ಕಿಂತ ಒಳಗೆ ಕುಳಿತು ತೆಗೆಯುವುದೇ ಮೇಲು. 110 ಕಿಲೋಮೀಟರಿನ ಈ ಮಾರ್ಗ ದಶಕಗಳ ಕೂಗಿನ ನಂತರ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಕಲಬುರಗಿ ಬಿಟ್ಟಾಗ ಕಿಟಕಿಯ ಹೊರಗೆ ಎರೆಭೂಮಿ ಕಪ್ಪಗೆ ಬಿರಿದು ಮಲಗಿರುತ್ತದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಕಳೆದು, ಮರಗುತ್ತಿಯ ಬಳಿಯ ಒಂದೂವರೆ ಕಿಲೋಮೀಟರಿಗೂ ಉದ್ದದ ಸುರಂಗವನ್ನು ದಾಟಿ, ಹುಮನಾಬಾದ್ ಹಿಂದೆ ಬಿದ್ದು ಬೀದರ್ ಸಮೀಪಿಸುವಷ್ಟರಲ್ಲಿ ನೆಲ ಜಂಬಿಟ್ಟಿಗೆಯ ಕೆಂಪಿಗೆ ತಿರುಗಿರುತ್ತದೆ. ಹತ್ತು ಹತ್ತು ನಿಮಿಷಕ್ಕೆ ಒಂದರಂತೆ ಬರೀ ನೆಲದ ಚಿತ್ರ ತೆಗೆದು ಸಾಲಾಗಿ ಜೋಡಿಸಿ ನೋಡಿ. ಬಾಗಿಲಿನ ಮೆಟ್ಟಿಲ ಮೇಲೆ ಮಾತ್ರ ನಿಲ್ಲಬೇಡಿ. ಅಪಾಯದ ಮಾತು ಹಾಗಿರಲಿ, ಅದು ದಂಡನಾರ್ಹವೂ ಹೌದು. ಗಾಜಿರುವ ಬೋಗಿಯಾದರೆ ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು ಸುತ್ತ ಕಪ್ಪು ಬಟ್ಟೆ ಮುಚ್ಚಿದರೆ ಪ್ರತಿಬಿಂಬದ ಕಾಟವಿರುವುದಿಲ್ಲ.

ಕ್ಯಾಮೆರಾಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಬರಹಕ್ಕೆ. ನಾನು ಏಳು ವರ್ಷ ಬೀದರಿನ ಓಣಿಗಳ ಚಿತ್ರ ತೆಗೆದು ಒಂದೇ ಹಾರ್ಡ್ ಡಿಸ್ಕಿನಲ್ಲಿ ತುಂಬಿಟ್ಟಿದ್ದೆ. ಅದು ಮೇಜಿನಿಂದ ಬಿದ್ದು ಸತ್ತಿತು. ಗೆಳೆಯರಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದ ಮುನ್ನೂರು ಚಿತ್ರಗಳನ್ನು ಅವರಿವರ ಫೋನಿನಿಂದ ಹೆಕ್ಕಿ ತಂದೆ. ಆದರೆ ಹಾಗೆ ಕಳಿಸಿದ ಚಿತ್ರಗಳು ಕುಗ್ಗಿಹೋಗಿರುತ್ತವೆ, ತೆಗೆದ ದಿನಾಂಕದ ಮಾಹಿತಿಯೂ ಅಳಿಸಿರುತ್ತದೆ. ಬಿದರಿ ಕುಸುರಿ ಮಾಡುತ್ತಿದ್ದ ಹಿರಿಯರೊಬ್ಬರು ಉಳಿಯಿಂದ ಹೂಬಳ್ಳಿ ಕೊರೆಯುತ್ತಿರುವ ಚಿತ್ರ ಈಗಲೂ ನನ್ನ ಬಳಿ ಇದೆ. ಅದು ಯಾವ ಅಂಗಡಿ, ಯಾವ ವರ್ಷ ಎಂಬುದು ಅವರ ಮಕ್ಕಳಿಗೂ ನೆನಪಿಲ್ಲ, ನನಗೂ ಇಲ್ಲ. ಆದ್ದರಿಂದ ಅಂದಿನ ಚಿತ್ರಕ್ಕೆ ಅಂದೇ ರಾತ್ರಿ ದಿನಾಂಕ, ಜಾಗ, ನೋಡಿದ ದಿಕ್ಕು, ಕಾಣುವ ಅಂಗಡಿಗಳ ಹೆಸರನ್ನು ಕನ್ನಡದಲ್ಲೇ ಬರೆದಿಡಿ, ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿಡಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಹಳೆಯ ಡಿಎಸ್‌ಎಲ್‌ಆರ್ ಎಂದಿದ್ದೀರಿ, ಸಂಶಯವಿದೆ.

ಯಾದಗಿರಿ ಲೋಕಲ್ ಬರೆದದ್ದು:

ಮೊಬೈಲಿನವರಿಗೂ ನಾಲ್ಕು ಮಾತಿರಲಿ. ಫೋನಿನ ಸಂವೇದಕ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಹತ್ತಿರದಲ್ಲಿ ವೇಗವಾಗಿ ಹಾಯುವ ರೈಲಿನ ಕಿಟಕಿಗಳು ಓರೆಯಾಗಿ ಮೂಡುತ್ತವೆ. ಅದು ಫೋನಿನ ಕೆಡುಕಲ್ಲ. ಸ್ವಲ್ಪ ಹಿಂದೆ ಸರಿದು, ರೈಲು ಕೋನವಾಗಿ ಬರುವಾಗ ತೆಗೆದರೆ ಓರೆ ಕಡಿಮೆಯಾಗುತ್ತದೆ. ವಂದೇ ಭಾರತ್ ಬೋಗಿಯ ಮೇಲಿನ ಎಲ್‌ಇಡಿ ಫಲಕದ ಅಕ್ಷರಗಳು ಅರ್ಧರ್ಧ ಬರುವುದಕ್ಕೆ ಕಾರಣ ಶಟರ್ ವೇಗ ಹೆಚ್ಚಾಗಿರುವುದು. ನಿಂತ ರೈಲನ್ನು 1/60ರಷ್ಟು ನಿಧಾನದಲ್ಲಿ ತೆಗೆದರೆ ಅಕ್ಷರ ಪೂರ್ತಿಯಾಗಿ ಬರುತ್ತದೆ. ನಮ್ಮ ಯಾದಗಿರಿಯ ಕೋಟೆಗುಡ್ಡ ಹತ್ತಿದರೆ ಊರೂ ಸುತ್ತಲ ಬಯಲೂ ಒಟ್ಟಿಗೆ ಕಾಣುತ್ತವೆ, ಬೆಳಿಗ್ಗೆ ಬಿಸಿಲೇರುವ ಮುಂಚೆ ಬನ್ನಿ, ನೀರು ತನ್ನಿ.

ಸ್ಟೇಷನ್ ಬಜಾರ್ ಬರೆದದ್ದು:

ಗಡಿಯಾರ ನೋಡಿದೆ: 11 ತಿಂಗಳು ಹಿಂದಿತ್ತು, ಸರಿಪಡಿಸಿದೆ.

ನಿನ್ನೆ ಭಾನುವಾರ ಪ್ಲಾಟ್‌ಫಾರ್ಮ್ ಟಿಕೆಟ್ ಪಡೆದು ಬೆಳಿಗ್ಗೆ ಆರೂವರೆಗೆ ಒಳಗೆ ಹೋದೆ. ಈಗಿನ ಫಲಕದಿಂದ ಎಂಟು ಹೆಜ್ಜೆ ದೂರ, ಎಡ ಅಂಚಿಗೆ ನಲ್ಲಿಯ ಕಟ್ಟೆ ತಾಗುವಂತೆ ನಿಂತು ಮೊದಲ ಚಿತ್ರ ತೆಗೆದೆ. ಅಷ್ಟರಲ್ಲಿ ಹಿರಿಯರೊಬ್ಬರು ಬಂದು ಅದೇ ಫಲಕದ ಕೆಳಗೆ ಚೀಲವಿಟ್ಟು, ಹೊರಡುತ್ತಿದ್ದ ರೈಲಿನತ್ತ ಕೈ ಎತ್ತಿದರು. ಕೇಳದೆ ತೆಗೆಯಬಾರದೆಂದು ಗಂಜ್ ಓಣಿಯವರು ಹೇಳಿದ್ದು ನೆನಪಿತ್ತು. ರೈಲು ಹೋದ ಮೇಲೆ ಕೇಳಿದೆ. ಒಪ್ಪಿದರು, ಆದರೆ ಅಷ್ಟು ಹೊತ್ತಿಗೆ ಕೈ ಕೆಳಗಿಳಿದಿತ್ತು. ಮಗಳು ಪ್ರತಿ ತಿಂಗಳ ಮೊದಲ ಭಾನುವಾರ ಇದೇ ರೈಲಿಗೆ ಹೋಗುತ್ತಾಳಂತೆ. ಶೀರ್ಷಿಕೆ ಬರೆದಿಟ್ಟಿದ್ದೇನೆ, ಮುಂದಿನ ತಿಂಗಳು ಅದೇ ನಲ್ಲಿಯ ಕಟ್ಟೆಯ ಬಳಿ ನಿಲ್ಲುತ್ತೇನೆ.